ಮಳೆಗಾಲದ ಲಿಂಕ್‌ಗಳು ಮತ್ತು ಡಿಬಿಎಂ ಲೆಕ್ಕ

ಉಡುಪಿ, ಮಣಿಪಾಲ ಭಾಗದಲ್ಲಿ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಲಿಂಕ್‌ಗಳನ್ನು (ಎರಡು ಆಂಟೆನಾಗಳ ನಡುವಿನ ರೇಡಿಯೊ ಸಂಪರ್ಕಗಳನ್ನು) ಅಳವಡಿಸಿ ನಿರ್ವಹಿಸುವ ನಮಗೆ ಜೂನ್ ಬಂತೆಂದರೆ ಬರುವ ದೂರು ಒಂದೇ: "ಮಳೆ ಬಂದರೆ ನೆಟ್ ಹೋಗುತ್ತದೆ." ದೂರು ಸುಳ್ಳಲ್ಲ, ಆದರೆ ಕಾರಣ ಮಳೆಹನಿಗಳಾಗಿರುವುದು ಅಪರೂಪ. ನಾವು ಬಳಸುವ 5.8 ಗಿಗಾಹರ್ಟ್ಸ್ ಆವರ್ತನದಲ್ಲಿ, ಗಂಟೆಗೆ 100 ಮಿಲಿಮೀಟರ್ ದರದಲ್ಲಿ ಸುರಿಯುವ ಮಳೆಯೂ ಕಿಲೋಮೀಟರಿಗೆ ನುಂಗುವುದು ಸುಮಾರು 1 ಡಿಬಿ (ಡೆಸಿಬೆಲ್, ಸಿಗ್ನಲ್ ಏರಿಳಿತದ ಅಳತೆ) ಮಾತ್ರ. 10 ಗಿಗಾಹರ್ಟ್ಸ್‌ಗಿಂತ ಮೇಲಿನ ಮೈಕ್ರೋವೇವ್ ಲಿಂಕ್‌ಗಳ ಮಾತು ಬೇರೆ. ಆದ್ದರಿಂದ 5 ಕಿಲೋಮೀಟರ್ ಉದ್ದದ ಲಿಂಕ್‌ನಲ್ಲಿ ಸಿಗ್ನಲ್ 15 ಡಿಬಿ ಕುಸಿದಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು, ಮತ್ತು ಎಲ್ಲಿ ಹುಡುಕಬೇಕೆಂಬ ಸುಳಿವು ರೇಡಿಯೊ ತೋರಿಸುವ ಅಂಕಿಗಳಲ್ಲೇ ಇರುತ್ತದೆ.

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಮೊದಲು ಹೇಳಿಕೊಡುವುದು ಸಿಗ್ನಲ್ ಶಕ್ತಿಯನ್ನು ಅಳೆಯುವ ಡಿಬಿಎಂ ಲೆಕ್ಕವನ್ನು. 0 ಡಿಬಿಎಂ ಎಂದರೆ 1 ಮಿಲಿವ್ಯಾಟ್. ಅಲ್ಲಿಂದ 3 ಇಳಿದರೆ ಶಕ್ತಿ ಅರ್ಧವಾಗುತ್ತದೆ, 10 ಇಳಿದರೆ ಹತ್ತನೇ ಒಂದು ಭಾಗವಾಗುತ್ತದೆ. ಮೈನಸ್ 60 ಇದ್ದದ್ದು ಮೈನಸ್ 75 ಆಯಿತೆಂದರೆ ಹದಿನೈದೇ ಅಂಕಿ ಕಡಿಮೆಯಾದಂತೆ ಕಾಣುತ್ತದೆಯಾದರೂ, ತಲುಪುತ್ತಿರುವ ಶಕ್ತಿ ಮೊದಲಿನ ಮೂವತ್ತೆರಡನೇ ಒಂದು ಭಾಗದಷ್ಟಕ್ಕೆ ಬಂದಿರುತ್ತದೆ. ಇದು ಮನಸ್ಸಿಗೆ ಹತ್ತಿದ ತಂತ್ರಜ್ಞ ಕುಸಿತವನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಸಿಗ್ನಲ್ ಮೊದಲಿನಂತೆಯೇ ಇದ್ದು ವೇಗ ಮಾತ್ರ ಕುಸಿದಿದ್ದರೆ ನಾಯ್ಸ್ ಫ್ಲೋರ್, ಅಂದರೆ ಹಿನ್ನೆಲೆಯ ಅನಗತ್ಯ ಸಿಗ್ನಲ್‌ಗಳ ಮಟ್ಟ, ನೋಡಬೇಕು. 2018ರಲ್ಲಿ ಕೇಂದ್ರ ಸರಕಾರ 5 ಗಿಗಾಹರ್ಟ್ಸ್ ಪಟ್ಟಿಯ ಪರವಾನಗಿಮುಕ್ತ ಭಾಗವನ್ನು ವಿಸ್ತರಿಸಿದ ಮೇಲೆ ಅಲ್ಲಿ ಜಾಗವೂ ಹೆಚ್ಚಿದೆ, ಬಳಕೆದಾರರೂ ಹೆಚ್ಚಿದ್ದಾರೆ. ಮಂಗಳೂರಿನ ಹಂಪನಕಟ್ಟೆಯಂತಹ ದಟ್ಟ ಪ್ರದೇಶದಲ್ಲಿ ಪಕ್ಕದ ಕಟ್ಟಡದ ರೇಡಿಯೊ ನಮ್ಮ ಚಾನೆಲ್‌ಗೆ ಬಂದು ಕೂರುವುದು ಸಾಮಾನ್ಯ. ಸಿಗ್ನಲ್ ಮೈನಸ್ 60, ನಾಯ್ಸ್ ಮೈನಸ್ 95 ಇದ್ದರೆ ಇವೆರಡರ ಅಂತರವಾದ ಎಸ್‌ಎನ್‌ಆರ್ 35 ಡಿಬಿ. ನಾಯ್ಸ್ ಮೈನಸ್ 80ಕ್ಕೆ ಏರಿದರೆ ಉಳಿಯುವುದು 20, ಆಗ ರೇಡಿಯೊ ತಾನಾಗಿಯೇ ಕೆಳಗಿನ ಮಾಡ್ಯುಲೇಶನ್‌ಗೆ, ಅಂದರೆ ದತ್ತಾಂಶವನ್ನು ನಿಧಾನವಾಗಿ ಕಳಿಸುವ ವಿಧಾನಕ್ಕೆ, ಇಳಿಯುತ್ತದೆ. ಚಾನೆಲ್ ಅಗಲವನ್ನು 80ರಿಂದ 40 ಮೆಗಾಹರ್ಟ್ಸ್‌ಗೆ ಇಳಿಸಿದರೆ ಒಳಬರುವ ಉಷ್ಣ ನಾಯ್ಸ್ ಅರ್ಧವಾಗಿ 3 ಡಿಬಿ ಲಾಭ ಸಿಗುತ್ತದೆ, ಮೇಲಾಗಿ ಖಾಲಿ ಚಾನೆಲ್ ಹುಡುಕುವುದೂ ಸುಲಭವಾಗುತ್ತದೆ.

ಸಿಗ್ನಲ್ಲೇ ಕುಸಿದಿದ್ದರೆ ರೇಡಿಯೊದ ಎರಡು ಚೈನ್‌ಗಳ (ಪ್ರತ್ಯೇಕ ಸಿಗ್ನಲ್ ದಾರಿಗಳ) ಅಂಕಿಗಳನ್ನು ಬೇರೆಬೇರೆಯಾಗಿ ಓದಬೇಕು. ಒಂದು ಮಾತ್ರ ಬಿದ್ದಿದ್ದರೆ ಆ ಬದಿಯ ಕನೆಕ್ಟರ್‌ಗೆ ನೀರು ಇಳಿದಿರುವ ಸಂಭವವೇ ಹೆಚ್ಚು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಟೇಪ್ ಬಿಟ್ಟುಕೊಂಡ ಕನೆಕ್ಟರ್‌ನ ಒಳಗೆ ಹಸಿರು ಕಿಲುಬು ಬಹಳ ಬೇಗ ಹಿಡಿಯುತ್ತದೆ. ಎರಡೂ ಸಮನಾಗಿ ಬಿದ್ದಿದ್ದರೆ ಆಂಟೆನಾ ಗಾಳಿಗೆ ತಿರುಗಿರಬೇಕು ಅಥವಾ ದಾರಿಗೆ ಏನೋ ಅಡ್ಡ ಬಂದಿರಬೇಕು.

ಈ ಅಡ್ಡ ಬರುವ ವಿಷಯದಲ್ಲೇ ಫ್ರೆನೆಲ್ ವಲಯವನ್ನು, ಅಂದರೆ ನೋಟದ ಗೆರೆಯ ಸುತ್ತ ಅಲೆ ಬಳಸುವ ಜಾಗವನ್ನು, ತಿಳಿದಿರುವುದು ಅತ್ಯಗತ್ಯ. ಮಣಿಪಾಲದ ತಾರಸಿಯೊಂದರಿಂದ ಅಂಬಲಪಾಡಿಯ ಕಡೆಗೆ ಸುಮಾರು 5 ಕಿಲೋಮೀಟರ್ ದೂರದ ಲಿಂಕ್‌ನಲ್ಲಿ ಎದುರಿನ ಆಂಟೆನಾ ದುರ್ಬೀನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು; ಆದರೂ ಮಳೆಗಾಳಿ ಎದ್ದಾಗಲೆಲ್ಲ ಎರಡೂ ಚೈನ್‌ಗಳು ಒಟ್ಟಿಗೆ ಏರಿಳಿಯುತ್ತಿದ್ದವು. ರೇಡಿಯೊ ಅಲೆ ನೇರ ಗೆರೆಯಷ್ಟೇ ಜಾಗವನ್ನು ಬಳಸುವುದಿಲ್ಲ: ಅಷ್ಟು ದೂರಕ್ಕೆ, ಆ ಆವರ್ತನದಲ್ಲಿ, ಮಧ್ಯಬಿಂದುವಿನಲ್ಲಿ ವಲಯದ ತ್ರಿಜ್ಯ ಸುಮಾರು 8 ಮೀಟರ್, ಮತ್ತು ಅದರ ಶೇಕಡಾ 60ರಷ್ಟು, ಅಂದರೆ ಸುಮಾರು 5 ಮೀಟರ್, ಎಲ್ಲ ಬದಿಗೂ ತೆರವಾಗಿರಬೇಕು. ನೋಟದ ಗೆರೆಯ ಕೆಳಗೆ ಎರಡು ಮೀಟರ್ ಅಂತರದಲ್ಲಿ ತೆಂಗಿನ ಮರಗಳ ತಲೆಗಳಿದ್ದವು. ಒಣಗಿದ್ದಾಗ ಹೆಚ್ಚು ತೊಂದರೆ ಕೊಡದ ಮಡಲುಗಳು ತೊಯ್ದು ತೂಗಾಡುವಾಗ ಸಿಗ್ನಲನ್ನು ಹೀರತೊಡಗುತ್ತವೆ. ಆಂಟೆನಾದ ಕಂಬವನ್ನು ಎತ್ತರಿಸಿ ಸ್ಟೇ ತಂತಿ ಬಿಗಿದ ಮೇಲೆ ಏರಿಳಿತ ನಿಂತಿತು. ತೆಂಗು ಬೆಳೆಯುವ ಮರವಾದ್ದರಿಂದ ಕಂಬದ ಎತ್ತರವನ್ನು ಮುಂದಿನ ಕೆಲವು ವರ್ಷಗಳ ಬೆಳವಣಿಗೆಯನ್ನೂ ಸೇರಿಸಿ ನಿರ್ಧರಿಸುವುದು ಒಳ್ಳೆಯದು.

ಇಷ್ಟೆಲ್ಲ ಹೋಲಿಕೆಗೆ ಮಳೆಗಿಂತ ಮೊದಲಿನ ಅಂಕಿಗಳು ಕೈಯಲ್ಲಿರಬೇಕು. ಅದಕ್ಕಾಗಿ ಮೇ ಮುಗಿಯುವುದರೊಳಗೆ ಪ್ರತಿ ಲಿಂಕ್‌ನ ಎರಡೂ ತುದಿಗಳಲ್ಲಿ ಎರಡೂ ಚೈನ್‌ಗಳ ಸಿಗ್ನಲ್, ನಾಯ್ಸ್ ಫ್ಲೋರ್, ಚಾನೆಲ್ ಅಗಲ ಮತ್ತು ಕಂಬದ ಎತ್ತರವನ್ನು ಒಣ ಹವೆಯಲ್ಲೇ ಬರೆದಿಡುವ ಕ್ರಮವನ್ನು ನಮ್ಮ ತಂಡದಲ್ಲಿ ಇಟ್ಟುಕೊಂಡಿದ್ದೇವೆ.