ಹೊಲದ ಬದುವಿನಲ್ಲಿರುವ ಫೋನಿಗೆ ಕಚೇರಿಯ ನಿಯಮ

ರಾಯಚೂರಿನಲ್ಲಿ ಬೀಜ, ಗೊಬ್ಬರ, ಕೀಟನಾಶಕಗಳ ಸಗಟು ವಿತರಣೆ ಮಾಡುವ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ವ್ಯವಸ್ಥೆಯ ಉಸ್ತುವಾರಿ ನನ್ನದು. ನಮ್ಮ ಸಿಬ್ಬಂದಿಯಲ್ಲಿ ಹೆಚ್ಚಿನವರು ಕಚೇರಿಯಲ್ಲಿ ಕೂರುವವರಲ್ಲ. ಸಿಂಧನೂರು, ಮಾನ್ವಿ, ದೇವದುರ್ಗ, ಲಿಂಗಸುಗೂರು ಕಡೆಯ ಅಂಗಡಿಗಳಿಗೂ ಹಳ್ಳಿಗಳಿಗೂ ಬೈಕಿನಲ್ಲಿ ತಿರುಗುತ್ತ, ಆರ್ಡರ್ ಬರೆದುಕೊಳ್ಳುವುದರಿಂದ ಹಿಡಿದು ಉದ್ರಿ ವಸೂಲಿಯವರೆಗೆ ಎಲ್ಲವನ್ನೂ ಮೊಬೈಲಿನಲ್ಲೇ ಮುಗಿಸುವವರು. ಇಂಥವರ ಫೋನುಗಳಿಗೆ ನಿರ್ವಹಣೆ ಮತ್ತು ಭದ್ರತೆಯ ನಿಯಮಗಳನ್ನು ರೂಪಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಬೆಂಗಳೂರಿನ ಹವಾನಿಯಂತ್ರಿತ ಕೋಣೆಗಳಿಗೆಂದು ಬರೆದ ಮಾದರಿ ನಿಯಮಾವಳಿಗಳು ಬೇಕಾದಷ್ಟು ಸಿಕ್ಕವು. ಅವುಗಳಲ್ಲಿ ಅರ್ಧದಷ್ಟು ನಮ್ಮ ಕಡೆ ನಡೆಯುವಂಥವಲ್ಲ ಎಂಬುದು ಓದುತ್ತಿದ್ದಂತೆಯೇ ತಿಳಿಯಿತು.

ಮೊದಲು ಅಪಾಯ ಎಲ್ಲಿದೆ ಎಂಬುದನ್ನು ನೋಡೋಣ. ಫೋನಿನ ಭದ್ರತೆ ಎಂದಕೂಡಲೇ ಎಲ್ಲಿಂದಲೋ ಯಾರೋ ಹ್ಯಾಕ್ ಮಾಡುವ ಚಿತ್ರ ಕಣ್ಣ ಮುಂದೆ ಬರುತ್ತದೆ. ಆದರೆ ನಮ್ಮ ಸಿಬ್ಬಂದಿಯೊಬ್ಬರು ತಮ್ಮ ಫೋನಿನ ಗ್ಯಾಲರಿಯನ್ನು ನನ್ನೆದುರು ತೆರೆದಾಗ ಕಂಡದ್ದು ಬೇರೆಯೇ ಆಗಿತ್ತು: ತಂಗಿಯ ಮದುವೆಯ ಚಿತ್ರಗಳು, ಅವುಗಳ ನಡುವೆ ರೈತರೊಬ್ಬರ ಆಧಾರ್ ಕಾರ್ಡು, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಮತ್ತೆ ಮಗುವಿನ ಹುಟ್ಟುಹಬ್ಬ. ಉದ್ರಿ ಖಾತೆ ತೆರೆಯಲು ಬೇಕಾದ ದಾಖಲೆಗಳೆಲ್ಲ ವಾಟ್ಸಾಪ್ ಮೂಲಕ ಬಂದು ತಾವಾಗಿಯೇ ಅಲ್ಲಿ ಸೇರಿಕೊಂಡಿದ್ದವು. ಅದೇ ಫೋನಿನಲ್ಲಿ ಸಂಜೆ ಮಕ್ಕಳು ವಿಡಿಯೋ ನೋಡುತ್ತಾರೆ, ಗ್ಯಾಲರಿಯ ಚಿತ್ರಗಳು ಅವರ ಸ್ವಂತ ಗೂಗಲ್ ಖಾತೆಗೆ ಬ್ಯಾಕಪ್ ಆಗುತ್ತವೆ, ಎರಡು ವರ್ಷಕ್ಕೊಮ್ಮೆ ಹಳೆಯ ಫೋನು ವಿನಿಮಯದಲ್ಲಿ ಯಾವುದೋ ಅಂಗಡಿಗೆ ಹೋಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೂ ಮಾಹಿತಿ ಸೋರುವುದಕ್ಕೆ ಇದಕ್ಕಿಂತ ದೊಡ್ಡ ಕಿಂಡಿ ಬೇಕಿಲ್ಲ.

ನಿಯಮ ಬರೆಯುವವರು ಎಲ್ಲಕ್ಕಿಂತ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದ ಪ್ರಶ್ನೆ, ಫೋನು ಯಾರದು ಎಂಬುದು. ಸಂಸ್ಥೆಯೇ ಕೊಂಡು ಕೊಟ್ಟ ಫೋನಾದರೆ ಅದನ್ನು ಪೂರ್ಣ ನಿರ್ವಹಣೆಗೆ ಒಳಪಡಿಸಬಹುದು: ಯಾವ ಆ್ಯಪ್ ಇರಬೇಕು, ಯಾವುದು ಇರಬಾರದು, ಕಳೆದುಹೋದರೆ ಇಡೀ ಫೋನನ್ನು ಅಳಿಸಬೇಕೇ ಎಂಬುದೆಲ್ಲ ಸಂಸ್ಥೆಯ ಅಧೀನ. ಸಿಬ್ಬಂದಿ ತಮ್ಮ ದುಡ್ಡಿನಲ್ಲಿ ಕೊಂಡ ಫೋನಾದರೆ ಆ ಅಧಿಕಾರ ಸಂಸ್ಥೆಗಿಲ್ಲ, ಇರಲೂಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎಷ್ಟೋ ಕಡೆ ಈ ಎರಡಕ್ಕೂ ಒಂದೇ ಕಾಗದದಲ್ಲಿ ಒಂದೇ ನಿಯಮ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಆಮೇಲೆ ಸಿಬ್ಬಂದಿ ಎರಡನೆಯ ಫೋನು ಇಟ್ಟುಕೊಂಡು ಕೆಲಸವನ್ನೆಲ್ಲ ಅದರಲ್ಲೇ ಮಾಡಿದರೆ ಅಚ್ಚರಿಪಡುವಂತಿಲ್ಲ.

ಸ್ವಂತ ಫೋನುಗಳ ವಿಷಯದಲ್ಲಿ ಆಂಡ್ರಾಯ್ಡ್‌ನ ವರ್ಕ್ ಪ್ರೊಫೈಲ್ ವ್ಯವಸ್ಥೆಯೇ ನಮ್ಮ ನಿಯಮಾವಳಿಯ ಬುನಾದಿ. 2014ರಲ್ಲಿ ಆಂಡ್ರಾಯ್ಡ್ 5.0ರೊಂದಿಗೆ ಬಂದ ಈ ವ್ಯವಸ್ಥೆ ಈಗ ಸಾಕಷ್ಟು ಪಳಗಿದೆ. ಒಂದೇ ಮನೆಗೆ ನಡುಗೋಡೆ ಎಬ್ಬಿಸಿ ಎರಡು ಬಾಗಿಲು ಇಟ್ಟಂತೆ, ಕೆಲಸದ ಆ್ಯಪ್‌ಗಳು ಒಂದು ಕಡೆ, ಖಾಸಗಿ ಆ್ಯಪ್‌ಗಳು ಇನ್ನೊಂದು ಕಡೆ ಉಳಿಯುತ್ತವೆ. ಕೆಲಸದ ಆ್ಯಪ್‌ಗಳ ಮೇಲೆ ಸಣ್ಣ ಬ್ರೀಫ್‌ಕೇಸಿನ ಗುರುತು ಇರುತ್ತದೆ. ಆ ಭಾಗದೊಳಗಿನ ಕ್ಯಾಮೆರಾದಲ್ಲಿ ತೆಗೆದ ಪಹಣಿಯ ಚಿತ್ರ ಖಾಸಗಿ ಗ್ಯಾಲರಿಯಲ್ಲಿ ಕಾಣುವುದಿಲ್ಲ. ಅಲ್ಲಿಂದ ನಕಲು ಮಾಡಿ ಇಲ್ಲಿ ಅಂಟಿಸುವುದನ್ನೂ, ಅಲ್ಲಿನ ಪರದೆಯ ಸ್ಕ್ರೀನ್‌ಶಾಟ್ ತೆಗೆಯುವುದನ್ನೂ ತಡೆಯಬಹುದು. ಸಿಬ್ಬಂದಿ ಕೆಲಸ ಬಿಟ್ಟರೆ ಕೆಲಸದ ಭಾಗವನ್ನಷ್ಟೇ ದೂರದಿಂದ ಅಳಿಸಬಹುದು. ತಂಗಿಯ ಮದುವೆಯ ಚಿತ್ರಗಳು ಇದ್ದಲ್ಲೇ ಇರುತ್ತವೆ. ಒಂದು ತೊಡಕೆಂದರೆ, ಕಡಿಮೆ ರ‍್ಯಾಮ್ ಇರುವ ಕೆಲವು ಅಗ್ಗದ ಫೋನುಗಳಲ್ಲಿ ಈ ಸೌಲಭ್ಯವೇ ಇರುವುದಿಲ್ಲ. ಅಂಥ ಫೋನು ಉಳ್ಳವರಿಗೆ ಸಂಸ್ಥೆಯೇ ಫೋನು ಕೊಡಬೇಕೆಂದು ನಾನು ಬರೆದಿದ್ದೇನೆ. ಖರ್ಚಿನ ಬಾಬ್ತು ನೋಡಿ ಲೆಕ್ಕಪತ್ರ ವಿಭಾಗ ಗೊಣಗಿದರೂ ಕೊನೆಗೆ ಒಪ್ಪಿತು.

ತಂತ್ರಜ್ಞಾನಕ್ಕಿಂತ ಕಷ್ಟದ ಭಾಗ ಸಿಬ್ಬಂದಿಯ ಮನವೊಲಿಕೆ. "ನಮ್ಮ ಫೋನ್ ಕರೆಗಳನ್ನು ಮಾಲೀಕರು ಕೇಳುತ್ತಾರಂತೆ" ಎಂಬ ಮಾತು ಚಹಾದಂಗಡಿಯಲ್ಲಿ ಒಮ್ಮೆ ಹುಟ್ಟಿತೆಂದರೆ ಸುತ್ತೋಲೆಯಿಂದ ಅದನ್ನು ಅಳಿಸಲು ಬರುವುದಿಲ್ಲ. ಆದ್ದರಿಂದ ಸಂಸ್ಥೆಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ನಿಯಮಾವಳಿಯ ಮೊದಲ ಪುಟದಲ್ಲೇ, ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿದೆವು. ಫೋನಿನ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಭದ್ರತಾ ಅಪ್‌ಡೇಟಿನ ದಿನಾಂಕ, ಕೆಲಸದ ಭಾಗದಲ್ಲಿರುವ ಆ್ಯಪ್‌ಗಳು ಕಾಣುತ್ತವೆ. ಖಾಸಗಿ ಭಾಗದ ಆ್ಯಪ್‌ಗಳು, ಚಿತ್ರಗಳು, ಸಂದೇಶಗಳು, ಕರೆಗಳ ಪಟ್ಟಿ ಕಾಣುವುದಿಲ್ಲ. ಆಂಡ್ರಾಯ್ಡ್ 12ರಿಂದೀಚೆಗೆ ಸ್ವಂತ ಫೋನಿನ ಐಎಂಇಐ ಸಂಖ್ಯೆಯೂ, ಅಂದರೆ ಪ್ರತಿ ಫೋನಿಗೂ ಇರುವ ಪ್ರತ್ಯೇಕ ಗುರುತಿನ ಸಂಖ್ಯೆಯೂ, ನಿರ್ವಹಣಾ ವ್ಯವಸ್ಥೆಗೆ ಸಿಗುವುದಿಲ್ಲ. ಇದನ್ನು ಬಾಯಲ್ಲಿ ಹೇಳುವುದರ ಜೊತೆಗೆ ನನ್ನ ಫೋನನ್ನೇ ನೋಂದಾಯಿಸಿ, ನಿರ್ವಹಣಾ ಪುಟದಲ್ಲಿ ಏನು ಕಾಣುತ್ತದೆ ಎಂಬುದನ್ನು ದೊಡ್ಡ ಪರದೆಯ ಮೇಲೆ ಎಲ್ಲರಿಗೂ ತೋರಿಸಿದೆ. ಅನುಮಾನ ತಗ್ಗಿದ್ದು ಆಗಲೇ.

ಸಿಬ್ಬಂದಿ ಎಲ್ಲಿದ್ದಾರೆಂದು ಸದಾ ಪತ್ತೆಹಚ್ಚುವ ವ್ಯವಸ್ಥೆಯೂ ಬೇಕೆಂದು ಮಾರಾಟ ವಿಭಾಗದ ಒತ್ತಾಯವಿತ್ತು. ಸ್ವಂತ ಫೋನುಗಳಲ್ಲಿ ಅದು ಬೇಡವೆಂದು ನಾನು ಪಟ್ಟು ಹಿಡಿದೆ. ಅಂಗಡಿಗೆ ಭೇಟಿ ಕೊಟ್ಟಾಗ ಆರ್ಡರ್ ಆ್ಯಪ್‌ನಲ್ಲಿ ಸಿಬ್ಬಂದಿಯೇ ಹಾಜರಿ ಒತ್ತಿದರೆ ಸಾಕು. ಮಾರಾಟದ ಗುರಿಯನ್ನು ಭದ್ರತೆಯ ಹೆಸರಿನಲ್ಲಿ ಒಳಗೆ ತೂರಿಸಿದರೆ ಭದ್ರತೆಯ ಮೇಲಿನ ನಂಬಿಕೆಯೇ ಹೋಗುತ್ತದೆ.

ಪಾಸ್‌ವರ್ಡಿನ ವಿಷಯದಲ್ಲಿ ಮಾದರಿ ನಿಯಮಾವಳಿಗಳು ಹನ್ನೆರಡು ಅಕ್ಷರ, ಅದರಲ್ಲೊಂದು ದೊಡ್ಡಕ್ಷರ, ಒಂದು ಚಿಹ್ನೆ ಎನ್ನುತ್ತವೆ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ, ಒಂದು ಕೈಯಲ್ಲಿ ಬೈಕಿನ ಹಿಡಿಕೆ, ಇನ್ನೊಂದು ಕೈಗೆ ಗೊಬ್ಬರದ ಧೂಳು ಮೆತ್ತಿಕೊಂಡಿರುವಾಗ ಅದನ್ನು ಒತ್ತಬೇಕಾದವರ ಪಾಡನ್ನು ಬರೆದವರು ಯೋಚಿಸಿದಂತಿಲ್ಲ. ಕಷ್ಟದ ಪಾಸ್‌ವರ್ಡ್ ಕೊನೆಗೆ ಫೋನಿನ ಕವಚದ ಹಿಂದೆ ಚೀಟಿಯಾಗಿ ಅಂಟಿಕೊಳ್ಳುತ್ತದೆ. ಇಡೀ ಫೋನಿಗೆ ಆಂಡ್ರಾಯ್ಡ್‌ನ ಮಧ್ಯಮ ಮಟ್ಟದ ಬೀಗ ಸಾಕೆಂದು ತೀರ್ಮಾನಿಸಿದೆವು. ಅದರಲ್ಲಿ 4444, 1234ರಂಥ ಪಿನ್ ನಡೆಯುವುದಿಲ್ಲ. ಕೆಲಸದ ಭಾಗಕ್ಕೆ ಆರು ಅಂಕಿಗಳ ಪ್ರತ್ಯೇಕ ಪಿನ್, ಬೆರಳಚ್ಚು ಫೋನಿಗೆ ಸರಿಯಾಗಿ ಸಿಗುವವರಿಗೆ ಬೆರಳಚ್ಚು. ನೆಟ್‌ವರ್ಕ್ ಇಲ್ಲದ ಊರುಗಳು ನಮ್ಮಲ್ಲಿ ಇನ್ನೂ ಇರುವುದರಿಂದ, ಫೋನು ಸರ್ವರನ್ನು ಸಂಪರ್ಕಿಸದೆ ಏಳು ದಿನ ಕಳೆದರೆ ಮಾತ್ರ ಕೆಲಸದ ಆ್ಯಪ್‌ಗಳು ಮುಚ್ಚಿಕೊಳ್ಳುವಂತೆ ಇಟ್ಟೆವು. ಒಂದೇ ದಿನದ ಗಡುವು ಇಟ್ಟರೆ ಮುಂಗಾರಿನ ಬಿತ್ತನೆಯ ಹೊತ್ತಿನಲ್ಲಿ, ಬೀಜಕ್ಕೆ ಜನ ಮುಗಿಬೀಳುವಾಗಲೇ ಆ್ಯಪ್ ಕೈಕೊಡುತ್ತದೆ.

ಫೋನು ಕಳೆದಾಗಿನ ಕ್ರಮವನ್ನು ಒಂದೇ ಹಾಳೆಯಲ್ಲಿ ಬರೆದಿದ್ದೇವೆ. ಮೊದಲ ಕರೆ ಕಚೇರಿಗೆ. ಅಳಿಸುವ ಆದೇಶ ಫೋನು ಇಂಟರ್‌ನೆಟ್ಟಿಗೆ ಸಿಕ್ಕಾಗ ಮಾತ್ರ ತಲುಪುತ್ತದೆಯಾದ್ದರಿಂದ, ಕದ್ದವನು ಸಿಮ್ ತೆಗೆಯುವ ಮೊದಲೇ ನಾವು ಆ ಕೆಲಸ ಮುಗಿಸಬೇಕು. ಆಮೇಲೆ ಸಿಮ್ ಬಂದ್ ಮಾಡಿಸುವುದು, ಪೊಲೀಸರಿಗೆ ದೂರು, ಆ ದೂರಿನ ಪ್ರತಿಯೊಂದಿಗೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಕಳೆದ ಫೋನುಗಳಿಗೆಂದೇ ಇರುವ ಸಿಇಐಆರ್ ವಿಭಾಗದಲ್ಲಿ ಐಎಂಇಐ ತಡೆಹಿಡಿಸುವುದು. ಹಣ ವಂಚನೆಯಾಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಫೋನು ಕೈಬಿಟ್ಟ ಮೇಲೆ ಐಎಂಇಐ ಹುಡುಕುವುದು ತಲೆನೋವಾದ್ದರಿಂದ ಸಂಸ್ಥೆಯ ಫೋನುಗಳದ್ದನ್ನು ಕೊಡುವಾಗಲೇ ದಾಖಲಿಸುತ್ತೇವೆ. ಸ್ವಂತ ಫೋನಿನದನ್ನು *#06# ಒತ್ತಿ ನೋಡಿ ಮನೆಯಲ್ಲಿ ಬರೆದಿಡುವಂತೆ ಹೇಳಿದ್ದೇವೆ. ಅದೇ ದಿನ ತಿಳಿಸಿದವರ ಸಂಬಳದಿಂದ ಚಿಕ್ಕಾಸೂ ಹಿಡಿಯುವಂತಿಲ್ಲ ಎಂಬ ಷರತ್ತನ್ನು ನಾನು ಸೇರಿಸಿದೆ. ದಂಡ ಇದೆಯೆಂದರೆ ಜನ ಮೂರು ದಿನ ತಾವೇ ಹುಡುಕುತ್ತ ಕೂರುತ್ತಾರೆ, ಅಷ್ಟರಲ್ಲಿ ಅನಾಹುತ ಮುಗಿದಿರುತ್ತದೆ.

ಇದೆಲ್ಲ ಬರಿಯ ಶಿಸ್ತಿನ ಮಾತಲ್ಲ, ಕಾನೂನಿನ ಹೊಣೆಯೂ ಹೌದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳು 18 ತಿಂಗಳ ನಂತರ ಜಾರಿಗೆ ಬರುತ್ತವೆ. ದತ್ತಾಂಶಕ್ಕೆ ತಕ್ಕ ರಕ್ಷಣೆ ಕೊಡದಿದ್ದರೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆಯನ್ನು ಆ ಕಾಯ್ದೆಯೇ ಕೊಡುತ್ತದೆ. ಹಾಗೆ ನೋಡಿದರೆ ನಮಗೆ ಪೂರ್ಣ ಆಧಾರ್ ಪ್ರತಿ ಬೇಕಾಗಿಯೇ ಇರಲಿಲ್ಲ. ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಸಾಕೆಂದು ಉದ್ರಿ ಅರ್ಜಿಯನ್ನೇ ತಿದ್ದಿಸಿದೆವು. ಸಂಗ್ರಹಿಸದ ಮಾಹಿತಿಯನ್ನು ಕಾಯುವ ಗೋಜಿಲ್ಲ.

ಸಂಸ್ಥೆಯ ಫೋನು ಕೊಡುವವರಿಗೆ ಒಂದು ಕಿವಿಮಾತು. ಸಿಬ್ಬಂದಿ ತಮ್ಮ ಸ್ವಂತ ಗೂಗಲ್ ಖಾತೆಯನ್ನು ಸೇರಿಸಿದ ಫೋನನ್ನು ಸೆಟ್ಟಿಂಗ್ಸ್ ತೆರೆಯದೆ, ಗುಂಡಿಗಳನ್ನು ಒತ್ತಿ ಬರುವ ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ, ಮತ್ತೆ ತೆರೆಯುವಾಗ ಅದು ಅದೇ ಖಾತೆಯನ್ನು ಕೇಳುತ್ತದೆ. ಆ ವ್ಯಕ್ತಿ ಕೆಲಸ ಬಿಟ್ಟು ಹೈದರಾಬಾದಿಗೋ ಪುಣೆಗೋ ಹೋಗಿಬಿಟ್ಟಿದ್ದರೆ ಫೋನು ಇದ್ದೂ ಇಲ್ಲದಂತೆ. ರೀಸೆಟ್ ಆದ ಮೇಲೆ ಫೋನಿನ ಬೀಗ ತೆರೆಯಲು ಸಂಸ್ಥೆಯ ಖಾತೆಯನ್ನೇ ಮುಂಚಿತವಾಗಿ ನಿರ್ವಹಣಾ ನಿಯಮದಲ್ಲಿ ಸೇರಿಸಿಡಬೇಕು. ಹೊಸ ಫೋನಿನ ಸ್ವಾಗತ ಪರದೆಯನ್ನು ಆರು ಬಾರಿ ತಟ್ಟಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಪೂರ್ಣ ನಿರ್ವಹಣೆಯ ನೋಂದಣಿ ಅಲ್ಲಿಂದಲೇ ಶುರುವಾಗುತ್ತದೆ. ಬಳಸತೊಡಗಿದ ಫೋನನ್ನು ಆಮೇಲೆ ಈ ವ್ಯವಸ್ಥೆಗೆ ತರಬೇಕೆಂದರೆ ಮೊದಲು ಅದನ್ನು ಪೂರ್ತಿ ಅಳಿಸಬೇಕಾಗುತ್ತದೆ.

ಇನ್ನೂ ಬಗೆಹರಿಯದೆ ಉಳಿದಿರುವುದು ಮೊಬೈಲ್ ಸಂಖ್ಯೆಯ ವಿಷಯ. ಅಂಗಡಿಯವರು ಸಿಬ್ಬಂದಿಯ ಸ್ವಂತ ಸಂಖ್ಯೆಗೇ ಕರೆ ಮಾಡಿ ರೂಢಿಯಾಗಿದೆ, ಸಿಬ್ಬಂದಿ ಬೇರೆ ಸಂಸ್ಥೆಗೆ ಹೋದರೆ ಆರ್ಡರ್‌ಗಳೂ ಅವರ ಬೆನ್ನಿಗೇ ಹೋಗುತ್ತವೆ. ಸಂಸ್ಥೆಯ ಹೆಸರಿನ ಸಿಮ್ ಕೊಟ್ಟು, ಕೆಲಸದ ಭಾಗದಲ್ಲಿ ಆ ಸಂಖ್ಯೆಯ ವಾಟ್ಸಾಪ್ ಇರಿಸಬೇಕೆಂಬ ಪ್ರಸ್ತಾಪ ಈಗ ಮಾಲೀಕರ ಮೇಜಿನ ಮೇಲಿದೆ. ಅವರು ತಮ್ಮ ಫೋನನ್ನೂ ನೋಂದಣಿಗೆ ಕೊಟ್ಟ ಮೇಲೆ ಅದನ್ನು ಚರ್ಚೆಗೆ ಎತ್ತಿಕೊಳ್ಳೋಣವೆಂದು ನಾನು ತಿಳಿಸಿದ್ದೇನೆ.