ಅಪ್ಪ-ಆಯಿ ಇಲ್ಲದ ಊರಿಗೆ ಇನ್ನೂ ಯಾಕೆ ಹೋಗ್ತೀರಿ?

ಈ ಪ್ರಶ್ನೆ ನನಗೆ ಹೊಸದಲ್ಲ. ರಜೆ ಅರ್ಜಿ ಕೊಟ್ಟಾಗ ಆಫೀಸಿನಲ್ಲಿ ಕೇಳುತ್ತಾರೆ, ಅಕ್ಕಪಕ್ಕದ ಮನೆಯ ಗೆಳತಿಯರು ಕೇಳುತ್ತಾರೆ. ಕಳೆದ ಮೇ ತಿಂಗಳಲ್ಲಿ ಶಿರಸಿಯ ಮದುವೆ ಮುಗಿಸಿ ಬಂದು ಫೋಟೊ ತೋರಿಸಿದ ಮೇಲಂತೂ ಬಹಳ ಜನ ಕೇಳಿದರು. "ಅಪ್ಪ-ಅಮ್ಮ ಇಬ್ಬರೂ ಹೋದ ಮೇಲೆ ಊರಲ್ಲಿ ನಿಮಗೇನಿದೆ? ಮದುವೆಗೆ ಹೋಗಿ, ಊಟ ಮಾಡಿ ಬಂದರೆ ಸಾಲದಾ? ಆ ಹಳೇ ಮನೆ, ತೋಟ, ಬೆಟ್ಟ ಎಲ್ಲ ಸುತ್ತಿ ಯಾಕೆ ಬೇಜಾರು ಮಾಡ್ಕೊಳ್ತೀರಿ? ನೆನಪು ಇದ್ದ ಹಾಗೇ ಚೆಂದ." ಕೇಳುವವರಿಗೆ ನನ್ನ ಮೇಲೆ ಕಾಳಜಿಯಿದೆ. ಅವರಲ್ಲಿ ಕೆಲವರು ತಮ್ಮ ಊರಿಗೆ ಹೋಗಿ, ಬಿದ್ದ ಗೋಡೆ ನೋಡಿ, ನೊಂದು ಬಂದವರು. ಅಂಥವರಿಗೆ ನಕ್ಕು ಉತ್ತರ ಹೇಳಿ ಮುಗಿಸಲು ಮನಸ್ಸು ಬರುವುದಿಲ್ಲ.

ನನ್ನ ನೆನಪುಗಳಿಗಾಗಿಯೇ ಆದರೆ ನಾನು ಊರಿಗೆ ಹೋಗಬೇಕಾಗಿಲ್ಲ, ಅವು ನನ್ನ ಹತ್ತಿರವೇ ಇವೆ. ನಾನು ಹೋಗುವುದು ಉಳಿದವರ ಹತ್ತಿರ ಇರುವುದನ್ನು ಕೇಳಲಿಕ್ಕೆ. ಅದು ಫೋನಿನಲ್ಲಿ ಸಿಗುವುದಿಲ್ಲ. ನಮ್ಮ ಹಿರಿಯರು ಫೋನ್ ಎತ್ತಿದರೆ ಮಳೆ ಬಂತಾ, ಮಕ್ಕಳ ಪರೀಕ್ಷೆ ಮುಗೀತಾ, ಅಡಿಕೆ ದರ ಎಷ್ಟಾಯಿತು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಇಟ್ಟೆ ಎನ್ನುತ್ತಾರೆ, ಇಡುತ್ತಾರೆ. ಆದರೆ ಅದೇ ಜನ ಜಗಲಿಯ ಮೇಲೆ ಕವಳದ (ಎಲೆ-ಅಡಿಕೆಯ) ಬಟ್ಟಲು ಮುಂದಿಟ್ಟುಕೊಂಡು ಕೂತಾಗ, ಎದುರಿಗೆ ಅದೇ ಅಂಗಳ ಅದೇ ತೋಟ ಕಾಣುತ್ತಿರುವಾಗ, ಎಂದೂ ಹೇಳದ್ದನ್ನು ಹೇಳುತ್ತಾರೆ. ಅದಕ್ಕೆ ಜಾಗವೂ ಬೇಕು, ಆ ಜಾಗವನ್ನು ಬಲ್ಲ ಇನ್ನಷ್ಟು ಜನವೂ ಬೇಕು. ಎರಡೂ ಒಟ್ಟಿಗೆ ಕೂಡಿಬರುವುದು ಮದುವೆಮನೆಯಲ್ಲಿ ಮಾತ್ರ. ಸಾವಿನ ಮನೆಯಲ್ಲೂ ಕೂಡಿಬರುತ್ತದೆ ಅನ್ನಿ, ಆದರೆ ಅಲ್ಲಿ ಕೇಳಲು ಬಾಯಿ ಬರುವುದಿಲ್ಲ.

ನಮ್ಮ ಮೂಲಮನೆ ಇರುವುದು ಶಿರಸಿ ತಾಲೂಕಿನ ಸಾಲ್ಕಣಿ ಕಡೆ, ತೋಟದ ತಲೆಗೆ ಕೂತ ಹಳೆಯ ಮನೆ. ಮದುವೆ ದೊಡ್ಡಪ್ಪನ ಮೊಮ್ಮಗಳದ್ದು. ಹುಡುಗ ಕಾರವಾರದವನು, ಅವರ ಮನೆಮಾತು ಕೊಂಕಣಿ. ನಮ್ಮವರು ಹವ್ಯಕರ ಹವಿಗನ್ನಡದಲ್ಲಿ, ಅವರು ಕೊಂಕಣಿಯಲ್ಲಿ, ಬೀಗರು ಬೀಗರು ಸೇರಿದಾಗ ಎಲ್ಲರೂ ಕನ್ನಡದಲ್ಲಿ. ಶಿರಸಿ ಪೇಟೆಯಲ್ಲಿ ಕಲ್ಯಾಣ ಮಂಟಪಕ್ಕೇನೂ ಕೊರತೆಯಿಲ್ಲ, ಬೆಂಗಳೂರಿನಲ್ಲೇ ಮಾಡೋಣ ಎಂದವರೂ ಇದ್ದರು. ದೊಡ್ಡಪ್ಪ ಒಪ್ಪಲಿಲ್ಲ. ಅಂಗಳಕ್ಕೆ ಚಪ್ಪರ ಹಾಕಿ ಮನೆಯಲ್ಲೇ ಮಾಡಿದರು. ಅಡುಗೆ ಭಟ್ಟರು ಹಿಂದಿನ ದಿನವೇ ಬಂದು ಹಿತ್ತಲಲ್ಲಿ ಒಲೆ ಹೂಡಿದರು. ಮುಂಬೈ, ಪುಣೆ, ಹುಬ್ಬಳ್ಳಿ, ಬೆಂಗಳೂರು, ಒಬ್ಬ ಭಾವ ದುಬೈಯಿಂದ, ಹೀಗೆ ಚದುರಿದವರೆಲ್ಲ ಬಂದು ಮೆತ್ತಿನ (ಮಹಡಿಯ) ಮೇಲೆ ಸಾಲಾಗಿ ಹಾಸಿಗೆ ಹಾಸಿಕೊಂಡೆವು. ಬೆಳಿಗ್ಗೆ ತೆಳ್ಳೇವು, ಜೋನಿ ಬೆಲ್ಲ. ಮಧ್ಯಾಹ್ನದ ಪಂಕ್ತಿಯಲ್ಲಿ ಅಪ್ಪೆಹುಳಿಯನ್ನು ಅನ್ನಕ್ಕೆ ಹಾಕಿಸಿಕೊಂಡು ಉಂಡದ್ದು ಸಾಲದೆ ಲೋಟ ಹಿಡಿದು ಮತ್ತೆ ಹಾಕಿಸಿಕೊಂಡವರೇ ಜಾಸ್ತಿ. ರಾತ್ರಿ ಚಪ್ಪರದ ಒಂದು ಮೂಲೆಯಲ್ಲಿ ಇಸ್ಪೀಟು. ಧಾರೆ, ಸಪ್ತಪದಿ ಎಲ್ಲ ಎಲ್ಲ ಮದುವೆಗಳಲ್ಲಿ ಆಗುವಂತೆಯೇ ಆದವು, ಅದನ್ನು ವಿವರಿಸುವುದಿಲ್ಲ.

ನಾನು ಹೇಳಬೇಕೆಂದಿರುವುದು ಉಂಬಳದ, ಅಂದರೆ ಕಾಡಿನ ಜಿಗಣೆಯ, ಕತೆ.

ನನ್ನ ಬಾಲ್ಯದ ನಿಚ್ಚಳ ನೆನಪುಗಳಲ್ಲಿ ಇದೂ ಒಂದು. ಮಳೆಗಾಲ. ಕತ್ತಲಾಗುವ ಹೊತ್ತು. ದೊಡ್ಡಪ್ಪ ಕಂಬಳಿ ಕೊಪ್ಪೆಯನ್ನು ತೆಗೆದು ಗೂಟಕ್ಕೆ ಸಿಕ್ಕಿಸಿ, ಹೊರಜಗಲಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಾರೆ. ಪಾದದಿಂದ ಮೊಣಕಾಲಿನವರೆಗೂ ಉಂಬಳ. ಕೆಲವು ರಕ್ತ ಕುಡಿದು ದ್ರಾಕ್ಷಿಯಷ್ಟು ಊದಿಕೊಂಡಿವೆ. ಕವಳದ ಬಟ್ಟಲಿನಿಂದ ಸುಣ್ಣದ ಡಬ್ಬಿ ತಂದು ಕೊಡುವುದು ನನ್ನ ಕೆಲಸ. ಅವರು ಬೆರಳ ತುದಿಯಲ್ಲಿ ಸುಣ್ಣ ತೆಗೆದು ಒಂದೊಂದಕ್ಕೂ ಮುಟ್ಟಿಸುತ್ತಾರೆ, ಅದು ಮುದುಡಿ ಕೆಳಗೆ ಬೀಳುತ್ತದೆ, ಬಿದ್ದ ಜಾಗದಿಂದ ರಕ್ತದ ಸಣ್ಣ ಗೆರೆ ಹರಿಯುತ್ತಲೇ ಇರುತ್ತದೆ. ಅಣ್ಣಂದಿರು ಎಣಿಸುತ್ತಿದ್ದರು. ಹೀಗೆ ಒಂದು ದಿನವಲ್ಲ, ದಿನಾ ಸಂಜೆ. ಮಕ್ಕಳಾದ ನಮಗೆ ಅದೊಂದು ಹಬ್ಬ. ಇಷ್ಟೇ ನನ್ನ ಹತ್ತಿರ ಇದ್ದದ್ದು.

ಮದುವೆಯ ಹಿಂದಿನ ರಾತ್ರಿ ಅದೇ ಮೆಟ್ಟಿಲ ಮೇಲೆ ಕೂತು ಈ ಕತೆಯನ್ನು ನನ್ನ ಮಗಳಿಗೆ ಹೇಳುತ್ತಿದ್ದೆ. ದೊಡ್ಡಪ್ಪ ಜಗಲಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ಅವರಿಗೀಗ ಎಂಬತ್ತು ದಾಟಿದೆ, ಕಿವಿ ಚುರುಕಾಗಿದೆ. ಅಲ್ಲಿಂದಲೇ ಹೇಳಿದರು: "ಅದು ಕಳಸೆ ಕಾಡಿನ ಉಂಬಳ, ಕೂಸೆ. ಅವತ್ತು ಯಂಗವೆಲ್ಲ ಮರ ಅಪ್ಪಿಕ್ಯಂಡು ನಿಂತಿದ್ಯ."

ಅಪ್ಪಿಕೋ ಚಳವಳಿ ನನಗೆ ಗೊತ್ತಿಲ್ಲದ್ದಲ್ಲ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಸುತ್ತಿನ ಗಂಡಸರು ಹೆಂಗಸರು ಕಳಸೆ ಕಾಡಿಗೆ ನಡೆದು ಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿ ನಿಂತರು. 38 ದಿನ ಬಿಡದೆ ನಿಂತದ್ದಕ್ಕೆ ಸರ್ಕಾರ ಮರ ಕಡಿಯುವ ಆದೇಶ ಹಿಂತೆಗೆದುಕೊಂಡಿತು. ಚಳವಳಿಯ ಮುಂದಾಳು ಪಾಂಡುರಂಗ ಹೆಗಡೆಯವರ ಹೆಸರು ಕೇಳುತ್ತಲೇ ಬೆಳೆದವಳು ನಾನು. ಕಾಲೇಜಿನಲ್ಲಿ ಇದರ ಬಗ್ಗೆ ಓದಿ ಪರೀಕ್ಷೆಗೂ ಬರೆದಿದ್ದೇನೆ. ಆದರೆ ನಾನು ಸುಣ್ಣದ ಡಬ್ಬಿ ಹಿಡಿದು ನಿಂತ ಸಂಜೆಗಳು ಅವೇ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ದೊಡ್ಡಪ್ಪ ಎಂದು ಕೇಳಿದೆ. "ಯಾರೂ ಕೇಳಿದ್ವಿಲ್ಲೆ" ಎಂದರು, ಅಡಿಕೆ ಕತ್ತರಿಸುವುದನ್ನು ನಿಲ್ಲಿಸದೆ.

ಮದುವೆಯ ಮರುದಿನ ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಅಣ್ಣ-ತಮ್ಮಂದಿರೆಲ್ಲ ಆ ಕಾಡಿನ ಕಡೆ ಹೋದೆವು. ರಸ್ತೆ ಮುಗಿದಲ್ಲಿಂದ ದೊಡ್ಡಪ್ಪ ಕೋಲು ಹಿಡಿದು ನಡೆದರು. ಮರ ಉಳಿಸಿದ ಹೆಮ್ಮೆಯ ಮಾತು ಅವರ ಬಾಯಿಂದ ಬರಲೇ ಇಲ್ಲ. ಬಂದದ್ದೆಲ್ಲ ಸಣ್ಣ ಸಣ್ಣ ವಿವರಗಳು. ಮರ ಕಡಿಯಲು ಬಂದವರ ಬಿಡಾರ ಇಲ್ಲಿತ್ತು. ಬುತ್ತಿ ಬಿಚ್ಚುತ್ತಿದ್ದದ್ದು ಆ ಹಳ್ಳದ ದಂಡೆಯಲ್ಲಿ. ಕಡಿಯಲು ಬಂದವರೂ ಬಡವರೇ, ಅವರಿಗೂ ನಮ್ಮ ಬುತ್ತಿಯಲ್ಲಿ ಪಾಲು ಕೊಟ್ಟಿದ್ದೆವು. ಈ ಮತ್ತಿ ಮರ ಆಗಲೂ ಇಷ್ಟೇ ದಪ್ಪ ಇತ್ತು, ಆ ಹೊನ್ನೆ ಆಮೇಲೆ ಬೆಳೆದದ್ದು. ಯುವಕ ಮಂಡಳಿಯ ಹುಡುಗರು ಮುಂದೆ, ಹೆಂಗಸರು ನಡುವೆ, ತಮ್ಮಂಥ ಸಂಸಾರವಂದಿಗರು ಹಿಂದೆ. ತೋಟಕ್ಕೆ ಮದ್ದು ಹೊಡೆಯುವ ಹೊತ್ತು ಅದು, ಕೊಳೆರೋಗ ಬಿದ್ದರೆ ವರ್ಷದ ಅನ್ನವೇ ಹೋಗುತ್ತಿತ್ತು. ಅದನ್ನು ಬಿಟ್ಟು ಕಾಡಿಗೆ ಹೋಗುತ್ತೀರಲ್ಲ ಎಂದು ಮನೆಯಲ್ಲಿ ಮಾತೂ ಆಗಿತ್ತಂತೆ. ಹಾಗೆ ಹೇಳಿದವಳು ನನ್ನ ಆಯಿ. ಆಮೇಲೆ ದಿನಾ ಬೆಳಿಗ್ಗೆ ಎದ್ದು ಬುತ್ತಿ ಕಟ್ಟಿಕೊಟ್ಟವಳೂ ಅವಳೇ.

ಅಪ್ಪ-ಅಮ್ಮ ಇಲ್ಲದ ಊರಲ್ಲಿ ನಿಮಗೇನಿದೆ ಎಂದು ಕೇಳಿದವರಿಗೆ ನಾನು ಇದನ್ನೇ ಹೇಳುತ್ತೇನೆ. ಆಯಿ ತೀರಿಹೋಗಿ ವರ್ಷಗಳಾದ ಮೇಲೆ, ಅವಳ ಬಗ್ಗೆ ನನಗೆ ಗೊತ್ತಿಲ್ಲದ ಒಂದು ಸಂಗತಿ ಕಳಸೆ ಕಾಡಿನ ಹಳ್ಳದ ದಂಡೆಯಲ್ಲಿ ಸಿಕ್ಕಿತು.

ಇನ್ನೊಂದು, ಅಬ್ಬಿ ನೀರಿನದು. ಮನೆಯ ಹಿಂದಿನ ಗುಡ್ಡದ ಒರತೆಯಿಂದ ಅಡಿಕೆ ಮರ ಸೀಳಿ ಮಾಡಿದ ದಬ್ಬೆಯ ಮೇಲೆ ನೀರು ಹರಿದು ಬಂದು ಬಚ್ಚಲ ಹತ್ತಿರದ ಕಲ್ಲಿನ ಮರಿಗೆಗೆ ಬೀಳುತ್ತಿತ್ತು, ಹಗಲೂ ರಾತ್ರಿ. ಈಗ ಕಪ್ಪು ಪೈಪು ಬಂದಿದೆ, ಬೇಸಿಗೆಯಲ್ಲಿ ಒರತೆಯೂ ಬತ್ತುತ್ತದೆ. ಮರಿಗೆ ಇನ್ನೂ ಇದೆ. ನಾವು ತಂಗಿಯಂದಿರು ಅದರ ಮುಂದೆ ನಿಂತು, ಆ ನೀರಿನ ಸದ್ದು ಕೇಳುತ್ತ ಮಲಗುತ್ತಿದ್ದೆವಲ್ಲ ಎಂದು ಮಾತಾಡಿಕೊಂಡೆವು. ಬಚ್ಚಲ ಒಲೆಗೆ ಬೆಂಕಿ ಒಟ್ಟುತ್ತಿದ್ದ ಅತ್ತೆ ಕೇಳಿಸಿಕೊಂಡಳು. ಮದುವೆಯಾಗಿ ಹೋಗುವ ತನಕ ಆ ಸದ್ದು ನಿಲ್ಲದಂತೆ ನೋಡಿಕೊಳ್ಳುವುದು ಅವಳ ಕೆಲಸವಾಗಿತ್ತಂತೆ. ದರಕು (ಒಣ ಎಲೆ) ಬಿದ್ದು ದಬ್ಬೆ ಕಟ್ಟಿಕೊಂಡರೆ, ದನ ತಾಗಿ ದಬ್ಬೆಗೆ ಆಸರೆಯಾದ ಕವೆಗೋಲು ಜಾರಿದರೆ, ರಾತ್ರಿಯಾದರೂ ಸದ್ದು ನಿಂತ ಕೂಡಲೇ ಎಚ್ಚರವಾಗಿ ಉರಿಯುವ ಸೂಡಿ ಹಿಡಿದು ಗುಡ್ಡ ಹತ್ತುವುದು. ಹದಿನಾರು ವರ್ಷದ ಹುಡುಗಿ, ಮಳೆಗಾಲದ ಕತ್ತಲು. "ಈಗಲೂ ರಾತ್ರಿ ನಮ್ಮನೆ ಫ್ಯಾನು ನಿಂತರೆ ದಡಕ್ಕನೆ ಎದ್ದು ಕೂರ್ತೆ" ಎಂದಳು. ಆಮೇಲೆ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ಆ ದಾರಿ ತೋರಿಸಿದಳು. ಗಿಡಗಂಟಿ ಬೆಳೆದಿದೆ, ಆದರೂ ಎಲ್ಲೆಲ್ಲಿ ಕವೆ ನಿಲ್ಲಿಸಿತ್ತು ಎಂದು ಅವಳ ಕಾಲಿಗೆ ಗೊತ್ತು.

ಹಾಗಾದರೆ ಬೇಜಾರು ಆಗುವುದೇ ಇಲ್ಲವಾ? ಆಗುತ್ತದೆ. ವಧೂಪ್ರವೇಶಕ್ಕೆ ಕಾರವಾರಕ್ಕೆ ಹೊರಟಾಗ ದೇವಿಮನೆ ಘಟ್ಟದ ಅಗಲವಾದ ರಸ್ತೆ ನೋಡಿ ಬೇಜಾರಾಯಿತು. ಅಂಕೋಲೆಗಿಂತ ಮೊದಲು ಶಿರೂರು ಬಂದಾಗ ಬಸ್ಸಿನಲ್ಲಿ ಎಲ್ಲರೂ ಮಾತು ನಿಲ್ಲಿಸಿದರು. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿಯನ್ನು, ಅಲ್ಲಿದ್ದ ಜನರನ್ನು ಗಂಗಾವಳಿ ನದಿಗೆ ತಳ್ಳಿದ ಜಾಗ ಅದು. ಘಟ್ಟ ಇಳಿದು ಕಾರವಾರಕ್ಕೆ ಹೋಗುವ ನಮ್ಮ ಕಡೆಯವರೆಲ್ಲ ಹಾದುಹೋಗುವ ದಾರಿ. ಮೈ ಜುಮ್ಮೆಂದಿತು.

ಆದರೆ ಬೇಜಾರಾಗುತ್ತದೆ ಎಂದು ಹೋಗದೇ ಇರುವ ಮಾತನ್ನು ನಾನು ಪೂರ್ತಿಯಾಗಿ ಬಿಟ್ಟದ್ದು ಅದೇ ಪ್ರಯಾಣದಲ್ಲಿ. ಮದುಮಗನ ಅಜ್ಜಿ ನಮ್ಮ ಬಸ್ಸಿನಲ್ಲೇ ಇದ್ದರು. ಕಿಟಕಿ ಪಕ್ಕದ ಸೀಟೇ ಬೇಕು ಎಂದು ಕೇಳಿ ಕೂತಿದ್ದರು. ಅಮದಳ್ಳಿ ದಾಟುತ್ತಿದ್ದಂತೆ ಎಡಕ್ಕೆ ನೌಕಾನೆಲೆಯ ಕಾಂಪೌಂಡು ಶುರುವಾಯಿತು. ಅಜ್ಜಿ ಬೆರಳು ತೋರಿಸಿ ಹೇಳತೊಡಗಿದರು: ಇಲ್ಲಿ ನಮ್ಮ ದೇವಸ್ಥಾನದ ದಾರಿ, ಇಲ್ಲಿ ತೆಂಗಿನ ಹಿತ್ತಲು, ಇಲ್ಲಿ ಸಿಹಿನೀರಿನ ಬಾವಿ, ಅದರಾಚೆ ದೋಣಿ ಎಳೆದಿಡುವ ಜಾಗ. ಕಾಣುತ್ತಿದ್ದದ್ದು ಗೋಡೆ, ಗೋಡೆಯ ಮೇಲಿನ ಮುಳ್ಳುತಂತಿ.

ಅವರ ತವರು ಅರಗಾ ಕಡೆಯ ಊರು. 1986ರಲ್ಲಿ ಈ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆ ಆಯಿತು. ಕಾರವಾರ, ಅಂಕೋಲಾ ತಾಲೂಕುಗಳ ಕರಾವಳಿ ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಸಮುದ್ರದ ದಂಡೆ ಬಿಟ್ಟು ಪುನರ್ವಸತಿ ಜಾಗಗಳಿಗೆ ಹೋದವು. 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೆಲೆ ಕೆಲಸ ಶುರುಮಾಡಿತು. ದೇಶಕ್ಕೆ ಬೇಕಾದದ್ದೇ, ಅಜ್ಜಿಯೂ ಅದನ್ನೇ ಹೇಳಿದರು, ಅವರ ಮೊಮ್ಮಗನೂ ಅದರ ನೆರಳಲ್ಲೇ ಗುತ್ತಿಗೆ ಕೆಲಸದಲ್ಲಿದ್ದಾನೆ. ಆದರೂ ಕಾರವಾರಕ್ಕೆ ಹೋಗುವಾಗಲೆಲ್ಲ ಅವರು ಸಮುದ್ರದ ಬದಿಯ ಕಿಟಕಿಯಲ್ಲೇ ಕೂರುತ್ತಾರೆ. ಬಸ್ಸು ಹಾದುಹೋಗುವ ಆ ಸ್ವಲ್ಪ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಿದ್ದರೂ ಅವರಿಗೆ ಊರು ತೋರಿಸುತ್ತಾರೆ. ಅವತ್ತು ಪಕ್ಕದಲ್ಲಿ ಇದ್ದದ್ದು ನಾವು. ನಮ್ಮ ಮದುಮಗಳು ತಿರುಗಿ ಕೂತು, "ಬಾವಿಕಟ್ಟೆ ಚೌಕವಾಗಿತ್ತಾ ಅಜ್ಜಿ, ಉರುಟಾ?" ಎಂದು ಕೇಳಿದಳು. ಅಜ್ಜಿಯ ಮುಖ ಅರಳಿತು. ಉರುಟು, ಕೆಂಪು ಕಲ್ಲಿನದು, ಒಂದು ಬದಿಯಲ್ಲಿ ಹಗ್ಗ ತಿಕ್ಕಿ ತಿಕ್ಕಿ ಬೆರಳು ಹೋಗುವಷ್ಟು ಗೀರು ಬಿದ್ದಿತ್ತು ಎಂದರು. ಬಿಣಗಾ ಬರುವ ತನಕ ಇಬ್ಬರ ಮಾತೂ ನಿಲ್ಲಲಿಲ್ಲ.

ತನ್ನ ಊರಿಗೆ ಕಾಲಿಡಲಾಗದ ಅಜ್ಜಿಯನ್ನು ನೋಡಿದ ಮೇಲೆ, ಹೋಗಲು ದಾರಿ ಇದ್ದೂ ಹೋಗದೆ ಇರುವುದು ನನ್ನಿಂದಾಗದು. ನನ್ನ ಮನೆಯ ಗೋಡೆ ಬಿರುಕು ಬಿಟ್ಟಿರಬಹುದು, ಒರತೆ ಬತ್ತಿರಬಹುದು, ಮೆಟ್ಟಿಲು ಇನ್ನೂ ಇದೆ, ಅದರ ಮೇಲೆ ಕೂರಬಹುದು. ಕೂತು ಕೇಳಿದರೆ ಉತ್ತರ ಹೇಳುವವರು ಇನ್ನೂ ಕೆಲವರಿದ್ದಾರೆ.

ನೀವೂ ಹೋಗುವುದಾದರೆ ನನ್ನ ಅನುಭವದ ಒಂದೆರಡು ಮಾತು. ಮದುವೆಯ ದಿನ ಬೆಳಿಗ್ಗೆ ಹೋಗಿ ಸಂಜೆ ಹೊರಡಬೇಡಿ. ಹಿಂದಿನ ದಿನ, ಮರುದಿನ ಇಟ್ಟುಕೊಳ್ಳಿ, ಮಾತು ಸಿಗುವುದು ಆಗಲೇ. ಹಿರಿಯರನ್ನು ಕೂರಿಸಿ ಮೊಬೈಲು ಹಿಡಿದು "ಹಳೇ ಕತೆ ಹೇಳಿ" ಎಂದರೆ ಅವರು ಸುಮ್ಮನಾಗುತ್ತಾರೆ. ಕೆಲಸ ಮಾಡುತ್ತಿರುವಾಗ ಪಕ್ಕದಲ್ಲಿ ಕೂತು, ನಿಮಗೆ ನೆನಪಿರುವ ಒಂದು ಸಣ್ಣ ಸಂಗತಿಯನ್ನು ನೀವೇ ಮೊದಲು ಹೇಳಿ. ಮಕ್ಕಳನ್ನು ಕರೆದುಕೊಂಡು ಹೋಗಿ. ನಾವು ಕೇಳಲು ಹಿಂಜರಿಯುವುದನ್ನು ಅವು ನೇರವಾಗಿ ಕೇಳುತ್ತವೆ. ಕಡಿಯಲು ಬಂದವರಿಗೆ ಯಾಕೆ ಊಟ ಕೊಟ್ಟಿರಿ ಎಂದು ದೊಡ್ಡಪ್ಪನನ್ನು ಕೇಳಿದವಳು ನನ್ನ ಮಗಳು.

ಮಾಗಿಯಲ್ಲಿ ಅಡಿಕೆಯ ಕೊನೆಕೊಯ್ಲಿಗೆ ಬಾ ಎಂದು ದೊಡ್ಡಪ್ಪ ಹೇಳಿಕಳಿಸಿದ್ದಾರೆ. ರಜೆ ಅರ್ಜಿ ಬರೆದಿಟ್ಟಿದ್ದೇನೆ.