ಹಳೆಯ ಐ3, 50 ಹರ್ಟ್ಸ್, ಚಂದನದ ಸ್ಕ್ರಾಲ್: ರಾಯಚೂರಿನ ಟಿವಿ ಪಿಸಿಯ ದಾಖಲೆ

ಫೆಬ್ರವರಿ

ಚಂದನ ವಾಹಿನಿಯ ವಾರ್ತೆಯ ಕೆಳಗೆ ಓಡುವ ಅಕ್ಷರಗಳನ್ನು ಅವ್ವ ಮಂಚದ ಮೇಲೆ ಕೂತಲ್ಲಿಂದಲೇ, ಕಣ್ಣು ಕಿರಿದು ಮಾಡದೆ ಓದಬೇಕು. ಕಬಡ್ಡಿ ನಡೆಯುವಾಗ ರೈಡರ್‌ನ ಕೈಕಾಲಿನ ಅಂಚಿಗೆ ಬಾಚಣಿಗೆ ಹಲ್ಲಿನಂಥ ಗೆರೆ ಏಳಬಾರದು. ಹಳೆಯ ಕಂಪ್ಯೂಟರನ್ನೇ ಟಿವಿಗೆ ಜೋಡಿಸಿ ಲೈವ್ ಚಾನೆಲ್ ನೋಡುವ ಈ ಕೆಲಸದ ಗುರಿ ಇಷ್ಟು. ಹೊಸ ಯಂತ್ರ ಕೊಳ್ಳುವುದಿಲ್ಲ ಎಂಬುದು ಮೊದಲೇ ಮಾಡಿಕೊಂಡ ತೀರ್ಮಾನ, ಏಕೆಂದರೆ ಇರುವ ಯಂತ್ರಕ್ಕೆ ಈ ತಾಕತ್ತು ಇದೆ ಎಂದು ನನಗೆ ಖಾತ್ರಿಯಿದೆ.

ಇರುವುದು 2011ರ ಕಾಲದ ಇಂಟೆಲ್ ಕೋರ್ ಐ3-2100. ಎರಡು ಕೋರ್, ನಾಲ್ಕು ಥ್ರೆಡ್, 3.1 ಗಿಗಾಹರ್ಟ್ಸ್, ಚಿಪ್ಪಿನೊಳಗೇ ಎಚ್‌ಡಿ 2000 ಗ್ರಾಫಿಕ್ಸ್. 4 ಜಿಬಿ ಡಿಡಿಆರ್3 ರ್‍ಯಾಮ್, ಒಂದೇ ಕಡ್ಡಿ. ತಟ್ಟೆಯ ಸಿಗ್ನಲ್ಲನ್ನು ಕಂಪ್ಯೂಟರಿಗೆ ತರಲು ಡಿವಿಬಿಸ್ಕೈ ಎಸ್960 ಎಂಬ ಯುಎಸ್‌ಬಿ ಟ್ಯೂನರ್. ಲಿನಕ್ಸ್ ಮೇಲೆ ಟ್ಯೂನರ್ ನಡೆಸಲು ಟಿವಿಹೆಡ್‌ಎಂಡ್, ನೋಡಲು ಕೋಡಿ. ಎದುರಿಗೆ 43 ಇಂಚಿನ ಫುಲ್ ಎಚ್‌ಡಿ ಟಿವಿ, ಮಾಳಿಗೆ ಮೇಲೆ ಡಿಡಿ ಫ್ರೀ ಡಿಷ್‌ನ ತಟ್ಟೆ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಹೆಸರಿನಲ್ಲಿ ಶುರುವಾದ ಸೇವೆ ಇದು, ತಿಂಗಳ ಬಾಡಿಗೆ ಇಲ್ಲ. ನಮ್ಮ ಓಣಿಯ ಅರ್ಧ ಮಾಳಿಗೆಗಳ ಮೇಲೆ ಈ ತಟ್ಟೆ ಕಾಣುತ್ತದೆ.

ಇದೇ ಯಂತ್ರದಲ್ಲಿ ಡೌನ್‌ಲೋಡ್ ಮಾಡಿದ 1080ಪಿ ವಿಡಿಯೋ ಚೆನ್ನಾಗಿ ಓಡುತ್ತದೆ. ಲೈವ್ ಟಿವಿ ಹಾಕಿದರೆ ಮಾತ್ರ ಮಸುಕು, ತೊದಲು. ತಪ್ಪು ಯಂತ್ರದ ಶಕ್ತಿಯಲ್ಲಿ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮೊದಲು ಮಾಳಿಗೆ ಹತ್ತಿದೆ. ಸಿಗ್ನಲ್ ಸರಿಯಿಲ್ಲದೆ ಕೆಳಗೆ ಏನು ತಿದ್ದಿದರೂ ವ್ಯರ್ಥ. ಫ್ರೀ ಡಿಷ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ, ಅದರ ಜಾಗ ಪೂರ್ವ ರೇಖಾಂಶ 93.5 ಡಿಗ್ರಿ. ರಾಯಚೂರಿನಿಂದ ಲೆಕ್ಕ ಹಾಕಿದರೆ ದಿಕ್ಕು ಉತ್ತರದಿಂದ ಸುಮಾರು 134 ಡಿಗ್ರಿ, ಅಂದರೆ ಹೆಚ್ಚುಕಡಿಮೆ ನೇರ ಆಗ್ನೇಯ. ಎತ್ತರ ಸುಮಾರು 63 ಡಿಗ್ರಿ. ಸಿಗ್ನಲ್ಲನ್ನು ಓರೆಯಾಗಿ ಹಿಡಿಯುವ ಆಫ್‌ಸೆಟ್ ತಟ್ಟೆಯಾದ್ದರಿಂದ ನೋಡುವವರಿಗೆ ಅದು ಅಷ್ಟು ಮೇಲೆ ಮುಖ ಮಾಡಿದಂತೆ ಕಾಣುವುದಿಲ್ಲ. ಟಿವಿಹೆಡ್‌ಎಂಡ್‌ನ ಸ್ಥಿತಿ ಪುಟವನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಂಡು, ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಬಲ) ಅಂಕಿ ನೋಡುತ್ತ ತಟ್ಟೆಯನ್ನು ಕೂದಲೆಳೆಯಷ್ಟು ಸರಿಸಿದೆ. ಆಮೇಲೆ ತಟ್ಟೆಯ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ತುಸು ತಿರುಗಿಸಿದೆ. ಈ ತಿರುಗಿಸುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ಅಂಕಿ ಏರಿದ್ದು ಅದರಿಂದಲೇ.

ನೋಡಬೇಕಾದ ಇನ್ನೊಂದು ಅಂಕಿ ಸರಿಪಡಿಸಲಾಗದ ಬ್ಲಾಕ್‌ಗಳದ್ದು, ಅಂದರೆ ದಾರಿಯಲ್ಲಿ ಕೆಟ್ಟು ಮತ್ತೆ ಸರಿಯಾಗದ ದತ್ತಾಂಶದ ತುಂಡುಗಳದ್ದು. ಅದು ಸೊನ್ನೆಯಲ್ಲೇ ನಿಲ್ಲಬೇಕು. ವಿಡಿಯೋ ಹಿಂಡಿ ಕಳಿಸುವ ಎಂಪೆಗ್-2 ಪದ್ಧತಿಯಲ್ಲಿ ಪೂರ್ಣ ಚಿತ್ರ ಬರುವುದು ಸಾಮಾನ್ಯವಾಗಿ ಹನ್ನೆರಡು ಫ್ರೇಮಿಗೊಮ್ಮೆ. ಉಳಿದವೆಲ್ಲ ಹಿಂದುಮುಂದಿನ ಚಿತ್ರದಿಂದ ಏನು ಬದಲಾಯಿತು ಎಂಬ ಲೆಕ್ಕ ಮಾತ್ರ. ಹೀಗಾಗಿ ಒಂದು ಪ್ಯಾಕೆಟ್ ಕಳೆದರೂ ಆ ಚೌಕದ ಕಲೆ ಅರ್ಧ ಸೆಕೆಂಡಿನವರೆಗೆ ಪರದೆ ಮೇಲೆ ಉಳಿಯಬಹುದು.

ಮಾರ್ಚ್

ಈ ತಿಂಗಳ ಕೆಲಸ ಹತ್ತಿಯ ಜೊತೆ. ಗಂಜ್ ಕಡೆ ಹತ್ತಿ ಲಾರಿಗಳ ಓಡಾಟ, ಸುತ್ತಮುತ್ತ ಜಿನ್ನಿಂಗ್ ಮಿಲ್ಲುಗಳು. ಗಾಳಿಯಲ್ಲಿ ತೇಲುವ ಅರಳೆ ಮನೆಯೊಳಗೂ ಬರುತ್ತದೆ. ಕ್ಯಾಬಿನೆಟ್ ಬಿಚ್ಚಿದಾಗ ಪ್ರೊಸೆಸರ್ ಕೂಲರ್‌ನ ರೆಕ್ಕೆಗಳ ನಡುವೆ ಅರಳೆಯೂ ಧೂಳೂ ಸೇರಿ ಗಟ್ಟಿ ಪದರವಾಗಿತ್ತು. ತೆಗೆದು, ಒಣಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಬಾಗಿಲಿದ್ದ ಟಿವಿ ಸ್ಟ್ಯಾಂಡಿನ ಒಳಗಿನಿಂದ ಯಂತ್ರವನ್ನು ಹೊರಗೆ ತಂದೆ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಯಾದ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಂಡರೆ ಲೈವ್ ಟಿವಿಯಲ್ಲಿ ಫ್ರೇಮ್ ಬೀಳುತ್ತವೆ, ಅಂದರೆ ನಡುವಿನ ಚಿತ್ರಗಳು ತಪ್ಪಿಹೋಗುತ್ತವೆ.

ಇದರ ಜೊತೆಗೇ ಎರಡನೆಯ ರ್‍ಯಾಮ್ ಕಡ್ಡಿ ಹಾಕಿದೆ, ಹಳೆಯದು, ಅಗ್ಗಕ್ಕೆ ಸಿಕ್ಕಿತು. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ್‍ಯಾಮನ್ನೇ ಹಂಚಿಕೊಳ್ಳುತ್ತದೆ. ಡಿಡಿಆರ್3-1333 ಒಂದೇ ಕಡ್ಡಿಯಾದರೆ ಸೆಕೆಂಡಿಗೆ ಗರಿಷ್ಠ 10.6 ಜಿಬಿ ಹಾದಿ, ಜೋಡಿಯಾದರೆ 21 ಜಿಬಿ. ಹಳೆಯ ಐ3 ಇಟ್ಟುಕೊಂಡವರು ಗ್ರಾಫಿಕ್ಸ್ ಕಾರ್ಡ್ ಹುಡುಕುವ ಮುಂಚೆ ಇದನ್ನು ಮಾಡಲೇಬೇಕು.

ಏಪ್ರಿಲ್

ಈಗ ನಿಜವಾದ ವಿಷಯ.

ಫ್ರೀ ಡಿಷ್‌ನಲ್ಲಿ ನಾವು ನೋಡುವ ಬಹುಪಾಲು ಚಾನೆಲ್‌ಗಳು 720×576 ಅಳತೆಯವು, ಇಂಟರ್‌ಲೇಸ್ಡ್. ಒಂದು ಚಿತ್ರದ 576 ಗೆರೆಗಳು ಒಟ್ಟಿಗೆ ಸೆರೆಯಾಗಿರುವುದಿಲ್ಲ. ಒಂದು ಬಿಟ್ಟು ಒಂದು ಗೆರೆಯಂತೆ ಮೊದಲು 288, ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ ಉಳಿದ 288. ಸ್ಟುಡಿಯೋದ ವಾರ್ತೆ, ಮೈದಾನದ ಆಟ ಎಲ್ಲ ಹೀಗೇ ಬರುತ್ತವೆ. ಅಂದರೆ ಸೆಕೆಂಡಿಗೆ 25 ಚಿತ್ರ ಎಂದು ಹೇಳಿದರೂ ಅದರೊಳಗೆ ಚಲನೆಯ 50 ಬೇರೆಬೇರೆ ಕ್ಷಣಗಳು ಇರುತ್ತವೆ. ಹಳೆಯ ಪೆಟ್ಟಿಗೆ ಟಿವಿ ಅವನ್ನು ಬಂದ ಹಾಗೆಯೇ ಬಿಡಿಸುತ್ತಿತ್ತು. ಎಲ್‌ಇಡಿ ಪರದೆ ಪೂರ್ಣ ಚಿತ್ರ ಬೇಡುತ್ತದೆ, ಆದ್ದರಿಂದ ಯಾರಾದರೂ ಈ ಅರ್ಧ ಚಿತ್ರಗಳನ್ನು ಪೂರ್ಣ ಮಾಡಿಕೊಡಬೇಕು. ನನ್ನ ಯಂತ್ರದಲ್ಲಿ ಆ ಕೆಲಸ ಕೋಡಿಯದು, ಚಿತ್ರದ ಹಣೆಬರಹ ಬಹುಮಟ್ಟಿಗೆ ಅಲ್ಲೇ ತೀರ್ಮಾನ.

ಎರಡು ಅರ್ಧಗಳನ್ನು ಸುಮ್ಮನೆ ಹೆಣೆದರೆ ನಿಂತ ಚಿತ್ರ ಅಂದವಾಗಿರುತ್ತದೆ, ಓಡುವ ವಸ್ತುವಿನ ಅಂಚು ಹಲ್ಲು ಹಲ್ಲಾಗುತ್ತದೆ. ಬಾಬ್ ಎಂಬ ವಿಧಾನದಲ್ಲಿ ಪ್ರತಿ ಅರ್ಧವನ್ನೂ ಹಿಗ್ಗಿಸಿ ಪೂರ್ಣ ಮಾಡುತ್ತಾರೆ. ಚಲನೆ ನಯವಾಗುತ್ತದೆ, ಆದರೆ ಮೇಲೆಕೆಳಗಿನ ವಿವರ ಅರ್ಧಕ್ಕೆ ಇಳಿದು ತೆಳ್ಳನೆಯ ಅಡ್ಡಗೆರೆಗಳು ನಡುಗುತ್ತವೆ. ಕನ್ನಡ ಅಕ್ಷರಕ್ಕೆ ಇದು ದೊಡ್ಡ ಪೆಟ್ಟು. ನಮ್ಮ ತಲೆಕಟ್ಟು ಅಡ್ಡಗೆರೆಯೇ, ಗುಣಿತದ ಗುರುತುಗಳು ಚಿಕ್ಕವು, ಒತ್ತಕ್ಷರ ಕೆಳಗೆ ಇನ್ನೂ ಸಣ್ಣದು. ಸ್ಕ್ರಾಲಿನಲ್ಲಿ ಕಿ ಯಾವುದು, ಕೆ ಯಾವುದು ತಿಳಿಯದೆ ಹೋಗುವುದು ಹೀಗೆ.

ಚಲನೆ ನೋಡಿ ನಿರ್ಧರಿಸುವ ವಿಧಾನಗಳು ಇದಕ್ಕಿಂತ ಎಷ್ಟೋ ಮೇಲು. ಹಿಂದಿನ ಮತ್ತು ಮುಂದಿನ ಚಿತ್ರಗಳನ್ನು ಹೋಲಿಸಿ, ನಿಂತ ಭಾಗದಲ್ಲಿ ಎಲ್ಲ ಗೆರೆಗಳನ್ನೂ ಉಳಿಸಿ, ಚಲಿಸುವ ಭಾಗದಲ್ಲಿ ಮಾತ್ರ ನಡುವಿನ ಗೆರೆಯನ್ನು ಊಹಿಸುತ್ತವೆ. ಯಾಡಿಫ್ ಈ ಜಾತಿಯದು. ಅದಕ್ಕೆ ಪ್ರೊಸೆಸರ್ ದುಡಿಯಬೇಕು, ಆದರೆ 720×576 ಚಿತ್ರಕ್ಕೆ ಈ ಐ3 ಧಾರಾಳ ಸಾಕು.

ಕೋಡಿಯಲ್ಲಿ ನಾನು ಮಾಡಿದ್ದು ಹೀಗೆ. ಪ್ಲೇಯರ್ ಸೆಟ್ಟಿಂಗ್ಸ್‌ನ ಎಕ್ಸ್‌ಪರ್ಟ್ ಮಟ್ಟದಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ (ಹಿಂಡಿದ ವಿಡಿಯೋವನ್ನು ಗ್ರಾಫಿಕ್ಸ್ ಚಿಪ್ಪೇ ಬಿಡಿಸುವುದು) ಚಾಲೂ ಇಟ್ಟು, ಎಂಪೆಗ್-2ಕ್ಕೆ ಮಾತ್ರ ಬಂದ್ ಮಾಡಿದೆ. ಆಗ ಎಂಪೆಗ್-2 ಚಾನೆಲ್‌ಗಳನ್ನು ಪ್ರೊಸೆಸರ್ ಬಿಡಿಸುತ್ತದೆ, ಅರ್ಧ ಚಿತ್ರಗಳನ್ನು ಯಾಡಿಫ್‌ನಿಂದ ಪೂರ್ಣ ಮಾಡುವ ಸಾಫ್ಟ್‌ವೇರ್ ಡಿಇಂಟರ್‌ಲೇಸ್ ಆಯ್ಕೆ ಸಿಗುತ್ತದೆ. ಎಂಪೆಗ್-4 ಚಾನೆಲ್‌ಗಳು ಮೊದಲಿನಂತೆ ಗ್ರಾಫಿಕ್ಸ್ ಪಾಲು. ಆಯ್ಕೆ ಪಟ್ಟಿಯಲ್ಲಿ ‘ಹಾಫ್’ ಎಂಬುದನ್ನು ಮುಟ್ಟಬೇಡಿ, ಅದು ಸೆಕೆಂಡಿಗೆ 25 ಚಿತ್ರವನ್ನಷ್ಟೇ ಕೊಡುತ್ತದೆ. ನಮಗೆ 50 ಬೇಕು. ಟಿವಿಹೆಡ್‌ಎಂಡ್‌ನಲ್ಲಿ ಪಾಸ್ ಪ್ರೊಫೈಲ್ ಇಟ್ಟು ಸ್ಟ್ರೀಮನ್ನು ಹಾಗೇ ಕಳಿಸುತ್ತಿದ್ದೇನೆ. ಮೊದಲೇ ಹಿಂಡಿ ಬಂದದ್ದನ್ನು ಮತ್ತೆ ಹಿಂಡಿದರೆ ಉಳಿಯುವುದೇನು?

ಕೀಬೋರ್ಡಿನಲ್ಲಿ ‘ಓ’ ಒತ್ತಿದರೆ ಯಾವ ಡಿಕೋಡರ್, ಯಾವ ಡಿಇಂಟರ್‌ಲೇಸ್ ನಡೆಯುತ್ತಿದೆ ಎಂಬುದು ಪರದೆ ಮೇಲೆ ಬರುತ್ತದೆ. ವಾರ್ತೆಯ ಸ್ವಲ್ಪ ಭಾಗ ರೆಕಾರ್ಡ್ ಮಾಡಿಟ್ಟುಕೊಂಡು ಅದೇ ತುಣುಕನ್ನು ಪ್ರತಿ ವಿಧಾನದಲ್ಲೂ ನೋಡಿದೆ. ಬೇರೆಬೇರೆ ಹೊತ್ತಿನ ಲೈವ್ ಚಿತ್ರ ನೋಡಿ ಹೋಲಿಸಿದರೆ ಕಣ್ಣು ಮೋಸ ಹೋಗುತ್ತದೆ. ಬಾಬ್‌ನಿಂದ ಸಾಫ್ಟ್‌ವೇರ್ ಡಿಇಂಟರ್‌ಲೇಸ್‌ಗೆ ಬಂದಾಗ ವಾರ್ತೆ ಓದುವವರ ಹಿಂದಿನ ನಿಂತ ಬರಹ ಅಲುಗದೆ ಕೂತಿತು. ಖುಷಿಯಾಯಿತು, ಬಹಳ ಖುಷಿಯಾಯಿತು.

ಮೇ

ಅಕ್ಷರ ಸ್ಪಷ್ಟವಾಯಿತು, ಓಟ ಇನ್ನೂ ಎಡವುತ್ತಿತ್ತು. ಕಾರಣ ಸರಳ ಲೆಕ್ಕ: ಡೆಸ್ಕ್‌ಟಾಪ್ 60 ಹರ್ಟ್ಸ್‌ನಲ್ಲಿತ್ತು, ಅಂದರೆ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತಿತ್ತು. 50 ಚಿತ್ರವನ್ನು 60 ಸಲ ತೋರಿಸಬೇಕೆಂದರೆ ಪ್ರತಿ ಐದರಲ್ಲಿ ಒಂದನ್ನು ಎರಡು ಸಲ ತೋರಿಸಲೇಬೇಕು. ಸೆಕೆಂಡಿಗೆ ಹತ್ತು ಎಡವು. ಕೋಡಿಯಲ್ಲಿ ವಿಡಿಯೋಗೆ ತಕ್ಕಂತೆ ರಿಫ್ರೆಶ್ ರೇಟ್ ಬದಲಿಸುವ ಆಯ್ಕೆ ಇದೆ. ಆದರೆ ಈ ಪೆಟ್ಟಿಗೆ ಇರುವುದೇ ಲೈವ್ ಟಿವಿಗಾಗಿ, ಹೀಗಾಗಿ ಡೆಸ್ಕ್‌ಟಾಪನ್ನೇ 1080ಪಿ, 50 ಹರ್ಟ್ಸ್‌ಗೆ ಕೂರಿಸಿದೆ. ಈ ತಲೆಮಾರಿನ ಇಂಟೆಲ್ ಗ್ರಾಫಿಕ್ಸ್‌ಗೆ ಸಿನಿಮಾದ 23.976 ಹರ್ಟ್ಸ್ ನಿಖರವಾಗಿ ಕೊಡಲು ಬರುವುದಿಲ್ಲ ಎಂಬುದು ಹಳೆಯ ದೂರು. ನಮ್ಮ 50ಕ್ಕೆ ಆ ತೊಡಕಿಲ್ಲ.

ಸ್ಕ್ರಾಲ್ ಈಗ ಒಂದೇ ಓಟದಲ್ಲಿ ಹರಿಯುತ್ತದೆ. ಇಡೀ ಕೆಲಸದಲ್ಲಿ ಅತಿ ದೊಡ್ಡ ಬದಲಾವಣೆ ಇದೇ, ಒಂದು ಪೈಸೆ ಖರ್ಚಿಲ್ಲ.

ಬಣ್ಣ. ಟಿವಿ ಪ್ರಸಾರದಲ್ಲಿ ಕಪ್ಪು 16, ಬಿಳುಪು 235. ಕಂಪ್ಯೂಟರಿನ ಪದ್ಧತಿ 0ಯಿಂದ 255. ನಡುವೆ ಯಾರೋ ಒಬ್ಬರು ಒಂದು ಪದ್ಧತಿ, ಇನ್ನೊಬ್ಬರು ಇನ್ನೊಂದು ಎಂದುಕೊಂಡರೆ ಕಪ್ಪು ಬೂದಿಯಾಗುತ್ತದೆ, ಇಲ್ಲವೇ ಕಪ್ಪು ಕೂದಲಿನ ಎಳೆಗಳೆಲ್ಲ ಕರಗಿ ಒಂದೇ ಮುದ್ದೆಯಾಗುತ್ತದೆ. ಕೋಡಿಯಲ್ಲಿ ಲಿಮಿಟೆಡ್, ಗ್ರಾಫಿಕ್ಸ್ ಡ್ರೈವರ್‌ನಲ್ಲಿ ಫುಲ್, ಟಿವಿಯ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಲೋ. ಹೀಗಿಟ್ಟರೆ ಪ್ರಸಾರದ ಅಂಕಿಗಳು ನಡುವೆ ಹಿಗ್ಗದೆ ಕುಗ್ಗದೆ ಟಿವಿ ತಲುಪುತ್ತವೆ.

ಟಿವಿಯ ಓವರ್‌ಸ್ಕ್ಯಾನ್ ತೆಗೆದೆ. ಅಂಚು ಕತ್ತರಿಸಿ ಉಳಿದದ್ದನ್ನು ಹಿಗ್ಗಿಸುವುದರಿಂದ ಇಡೀ ಚಿತ್ರ ಮೆತ್ತಗಾಗುತ್ತದೆ. ಶಾರ್ಪ್‌ನೆಸ್ ಸೊನ್ನೆಗೆ ಇಳಿಸಿದೆ, ಏಕೆಂದರೆ ಎಂಪೆಗ್-2ರ ಚೌಕಗಳನ್ನು ಅದು ಎತ್ತಿ ತೋರಿಸುತ್ತದೆ. ಹಿಗ್ಗಿಸುವ ವಿಧಾನಗಳಲ್ಲಿ ಲ್ಯಾಂಚೋಸ್3 ಹಾಕಿದರೆ ಎಚ್‌ಡಿ 2000 ಏದುಸಿರು ಬಿಟ್ಟಿತು, ಫ್ರೇಮ್ ಬಿದ್ದವು. ಬೈಕ್ಯೂಬಿಕ್‌ಗೆ ಬಂದು ನಿಂತಿದ್ದೇನೆ. ಇಷ್ಟು ಹಿಂಡಿದ ಚಿತ್ರವನ್ನು ಅತಿ ಚೂಪು ಮಾಡಿದರೆ ಅಕ್ಷರದ ಸುತ್ತ ಬಿಳಿ ನೆರಳು ಏಳುತ್ತದೆ, ಆದ್ದರಿಂದ ಇದೇ ಲೇಸು.

ಜೂನ್

ಮೊದಲ ಮಳೆ ಬಂತು. ಈ ಉಪಗ್ರಹ ಕಳಿಸುವ ಕೆಯು ಬ್ಯಾಂಡ್ ಅಲೆಗಳನ್ನು ಮಳೆ ಹನಿಗಳು ನುಂಗುತ್ತವೆ, ಜೋರು ಮಳೆಯಲ್ಲಿ ಚಿತ್ರ ಹೋಗುವುದನ್ನು ಪೂರ್ತಿ ತಪ್ಪಿಸಲಾಗದು. ಆದರೆ ಜಿಟಿಜಿಟಿ ಮಳೆಗೂ ಸರಿಪಡಿಸಲಾಗದ ಬ್ಲಾಕ್‌ಗಳ ಅಂಕಿ ಏರತೊಡಗಿತು, ಮಳೆ ನಿಂತ ಮೇಲೂ ಇಳಿಯಲು ಹೊತ್ತು ತೆಗೆದುಕೊಂಡಿತು. ಆಕಾಶದ ಮಳೆ ಹಾಗೆ ವರ್ತಿಸುವುದಿಲ್ಲ. ಎಲ್‌ಎನ್‌ಬಿ ಬಳಿಯ ಎಫ್ ಕನೆಕ್ಟರ್ ಬಿಚ್ಚಿದರೆ ಒಳಗೆ ತೇವ, ತಾಮ್ರದ ತಂತಿ ಹಸಿರುಗಟ್ಟಿದೆ, ಬಿಸಿಲಿಗೆ ಕೇಬಲ್ಲಿನ ಹೊರಕವಚ ಬಿರಿದಿದೆ. ಆ ತುದಿಯನ್ನು ಒಳ್ಳೆಯ ತಂತಿ ಸಿಗುವವರೆಗೆ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ರಬ್ಬರ್ ಟೇಪ್ ಸುತ್ತಿದೆ. ನೀರು ಕನೆಕ್ಟರ್‌ಗೆ ಹರಿಯದೆ ಕೆಳಗೆ ತೊಟ್ಟಿಕ್ಕಲಿ ಎಂದು ಕೇಬಲ್ಲಿಗೆ ಒಂದು ಬಾಗು ಕೊಟ್ಟೆ.

ಸದ್ಯ ಬಾಕಿ ಎರಡು. ಪ್ರಸಾರದ ಗಡಿಯಾರ ಬೇರೆ, ನನ್ನ ಯಂತ್ರದ್ದು ಬೇರೆ ಆದ್ದರಿಂದ ಪ್ರಸಾರದ ವೇಗಕ್ಕೂ ನನ್ನ ಯಂತ್ರದ ವೇಗಕ್ಕೂ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ, ಹೀಗಾಗಿ ಬಹಳ ಹೊತ್ತು ಓಡಿದ ಮೇಲೆ ಒಂದೊಂದು ಫ್ರೇಮ್ ಜಿಗಿಯುತ್ತದೆ. ಶಬ್ದವನ್ನು ಕಿಂಚಿತ್ ಹೊಂದಿಸಿ ಪರದೆಗೆ ತಾಳ ಕೂಡಿಸುವ ಕೋಡಿಯ ಆಯ್ಕೆ ಹಾಕಿ ನೋಡುತ್ತಿದ್ದೇನೆ. ಇನ್ನೊಂದು, 4:3 ಕಾಲದ ಹಳೆಯ ಕಾರ್ಯಕ್ರಮಗಳಲ್ಲಿ ಮುಖಗಳು ಅಗಲವಾಗಿ ಕಾಣುವುದು. ಅದಕ್ಕೆ ರಿಮೋಟಿನ ಒಂದು ಗುಂಡಿಗೆ ವ್ಯೂ ಮೋಡ್ (ಚಿತ್ರದ ಅಗಲ-ಎತ್ತರದ ಅಳತೆ) ಬದಲಿಸುವ ಕೆಲಸ ಕೊಡಬೇಕಿದೆ, ಅವ್ವ ತಾನೇ ಒತ್ತಿಕೊಳ್ಳುವ ಹಾಗೆ.